ಮಗಳ ನರ್ಸಿಂಗ್ ಓದಿಗೆ ಸಾಲ: ರುಜು ಹಾಕುವ ಮೊದಲು ಮಾಡಬೇಕಾದ ಲೆಕ್ಕ



ಪಿ.ಯು.ಸಿ. ಫಲಿತಾಂಶ ಬಂದಿತೆಂದರೆ ನಾನು ಯಾವ ಹಳ್ಳಿಗೆ ಹೋದರೂ ಬೀಜ ಗೊಬ್ಬರದ ಮಾತಿನ ಜೊತೆಗೆ ಮಕ್ಕಳ ಓದಿನ ಮಾತೂ ಬರುತ್ತದೆ. ಮೊನ್ನೆ ಒಬ್ಬ ಹಿರಿಯರು ಚಾವಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು: “ಸ್ವಾಮಿ, ಮಗಳು ಬಿ.ಎಸ್‌ಸಿ. ನರ್ಸಿಂಗ್ ಓದ್ತೀನಿ ಅಂತಾಳೆ. ಬ್ಯಾಂಕಿನವರು ನಾಲ್ಕು ಲಕ್ಷ ಕೊಡ್ತಾರಂತೆ. ಸಾಲ ತಗೊಳ್ಳೋದೋ, ಇಲ್ಲ ಕೆರೆ ಕೆಳಗಿನ ಒಂದು ಎಕರೆ ಮಾರೋದೋ?”

ಲೆಕ್ಕ ಮಾಡುವವರೆಗೆ ಎರಡೂ ಬೇಡ ಎಂದೆ. ಆ ದಿನ ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಸಾಲ ಮಾಡುವಾಗ ನಾವು ಸಾಮಾನ್ಯವಾಗಿ ಕಾಲೇಜಿನ ಫೀಜು ಎಷ್ಟೆಂದು ಕೇಳುತ್ತೇವೆ. ಮೊದಲು ಕೇಳಬೇಕಾದುದು ಅದಲ್ಲ. ಓದು ಮುಗಿದ ಮೇಲೆ ಮೊದಲ ವರ್ಷ ಕೈಗೆ ಬರುವ ಸಂಬಳವೆಷ್ಟು, ಅದರಲ್ಲಿ ಎಷ್ಟು ಕಂತು ತಡೆದೀತು? ಇದೇ ಮೊದಲ ಪ್ರಶ್ನೆ. ಎಕರೆಗೆ ಎಷ್ಟು ಚೀಲ ಬಂದೀತೆಂದು ನೋಡಿಯೇ ಅಲ್ಲವೆ ನಾವು ಗೊಬ್ಬರಕ್ಕೆ ಹಣ ಹಾಕುವುದು?

ಸಂಬಳದ ಮಾತು

ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಓದು ಒಂದೇ ಆದರೂ ಸಂಬಳ ಒಂದೇ ಅಲ್ಲ. ಕೇಂದ್ರ ಸರ್ಕಾರದ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿಯ ಮೂಲ ವೇತನ ಏಳನೇ ವೇತನ ಆಯೋಗದಂತೆ 44,900 ರೂಪಾಯಿಯಿಂದ ಆರಂಭ, ಭತ್ಯೆಗಳು ಬೇರೆ. ಆದರೆ ಆ ಹುದ್ದೆಗೆ ದೇಶದ ಎಲ್ಲ ಕಡೆಯಿಂದಲೂ ಪರೀಕ್ಷೆ ಬರೆಯುತ್ತಾರೆ. ಖಾಸಗಿ ಆಸ್ಪತ್ರೆಯ ಮಾತೇ ಬೇರೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯರಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಎಲ್ಲ ಕಡೆಯೂ ಜಾರಿಗೆ ಬಂದಿಲ್ಲ. ಆದುದರಿಂದ ದೊಡ್ಡ ಸಂಬಳವನ್ನು ನಂಬಿ ಸಾಲ ಮಾಡಬೇಡಿ. ಮಳೆ ಚೆನ್ನಾಗಿ ಬಂದ ವರ್ಷದ ಬೆಳೆಯನ್ನು ನಂಬಿ ಸಾಲ ಮಾಡಿದವರ ಪಾಡು ತಮಗೆ ಗೊತ್ತೇ ಇದೆ.

ಸಾಲದ ಮಾತು

ಒಂದು ಉದಾಹರಣೆ ತೆಗೆದುಕೊಳ್ಳೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ ರೂಪಾಯಿ ಸಾಲ. ಬಡ್ಡಿ ನೂರಕ್ಕೆ 10 ಎಂದಿಟ್ಟುಕೊಳ್ಳಿ. ಓದುವ ಕಾಲದಲ್ಲಿಯೂ, ಓದು ಮುಗಿದ ಮೇಲೆ ಒಂದು ವರ್ಷವೂ ಕಂತು ಕಟ್ಟಬೇಕಿಲ್ಲ. “ಐದು ವರ್ಷ ಚಿಂತೆಯಿಲ್ಲ” ಎಂದು ಅನೇಕರು ತಿಳಿಯುತ್ತಾರೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1 ಲಕ್ಷ 40 ಸಾವಿರ. ಕಂತು ಕಟ್ಟಲು ಆರಂಭಿಸುವ ದಿನ ಸಾಲ 5 ಲಕ್ಷ 40 ಸಾವಿರವಾಗಿ ನಿಂತಿರುತ್ತದೆ.

ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 7,136 ರೂಪಾಯಿ. ಮಗಳ ಮೊದಲ ಸಂಬಳ 16,000 ಎನ್ನೋಣ. ಪಟ್ಟಣದಲ್ಲಿ ಕೊಠಡಿ, ಊಟ, ಬಸ್ಸು ಸೇರಿ 9,000 ಆದರೆ ಉಳಿಯುವುದು 7,000. ಕಂತಿಗೇ 136 ರೂಪಾಯಿ ಸಾಲದು! ಮನೆಗೆ ಕಳಿಸುವುದೆಲ್ಲಿ ಬಂತು? ಅವಧಿಯನ್ನು 15 ವರ್ಷಕ್ಕೆ ಎಳೆದರೆ ಕಂತು 5,803ಕ್ಕೆ ಇಳಿಯುತ್ತದೆ, ನಿಜ. ಆದರೆ ಒಟ್ಟು ಕಟ್ಟುವ ಹಣ ಸುಮಾರು 1 ಲಕ್ಷ 88 ಸಾವಿರ ಹೆಚ್ಚಾಗುತ್ತದೆ.

ಹಾಗಾದರೆ ಎಷ್ಟು ಸಾಲ ತಡೆದೀತು? ಮೊದಲ ಸಂಬಳದ ಕಾಲು ಭಾಗಕ್ಕಿಂತ ಕಂತು ಮೀರದಿರುವುದು ಕ್ಷೇಮ. 16,000ಕ್ಕೆ ಕಾಲು ಭಾಗ 4,000. ಅಷ್ಟು ಕಂತಿಗೆ ಹೊಂದುವ ಸಾಲ, ಮೇಲಿನ ಲೆಕ್ಕದಂತೆ, ನಾಲ್ಕು ವರ್ಷಕ್ಕೂ ಸೇರಿ ಸುಮಾರು ಎರಡೂಕಾಲು ಲಕ್ಷ. ಇದಕ್ಕಿಂತ ಹೆಚ್ಚು ಬೇಕೆಂದರೆ ನಿಂತು ಯೋಚಿಸತಕ್ಕದ್ದು.

ಸಾಲ ತಗ್ಗಿಸುವ ದಾರಿಗಳು

1. ಸರ್ಕಾರಿ ಸೀಟಿಗೆ ಮೊದಲು ಪ್ರಯತ್ನಿಸಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ದಿನಾಂಕ ತಪ್ಪಿಸಬೇಡಿ. ಅಲ್ಲಿ ಫೀಜು ಬಹಳ ಕಡಿಮೆ. ಹಾಸ್ಟೆಲು, ಪುಸ್ತಕಕ್ಕೆಂದು ಒಂದೂವರೆ ಲಕ್ಷ ಸಾಲವಾದರೂ ಕಂತು 2,676 ರೂಪಾಯಿ ಮಾತ್ರ.

2. ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ, ಓದುವ ಕಾಲದ ಬಡ್ಡಿಯನ್ನು ಭರಿಸುವ ಕೇಂದ್ರ ಸರ್ಕಾರದ ಸಹಾಯಧನ ಯೋಜನೆಯಿದೆ. ಎಲ್ಲ ಕಾಲೇಜಿಗೂ ಅದು ಅನ್ವಯಿಸುವುದಿಲ್ಲ. ನಮ್ಮ ಕಾಲೇಜಿಗೆ ಉಂಟೇ ಎಂದು ಸೇರುವ ಮೊದಲೇ ಬ್ಯಾಂಕಿನಲ್ಲಿ ಕೇಳಿ. ವರಮಾನ ಪ್ರಮಾಣಪತ್ರ ಸಿದ್ಧವಿರಲಿ. ಇದು ಸಿಕ್ಕರೆ ಉದಾಹರಣೆಯ 7,136ರ ಕಂತು 5,286ಕ್ಕೆ ಇಳಿಯುತ್ತದೆ.

3. ಸಹಾಯಧನ ಸಿಗದಿದ್ದರೆ ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಬನ್ನಿ. ಮೊದಲ ವರ್ಷ ತಿಂಗಳಿಗೆ 833 ರೂಪಾಯಿ. ಹಾಲಿನ ಡೇರಿಯ ಹಣದಲ್ಲಿ ಇಷ್ಟನ್ನು ತೆಗೆದಿಡಬಹುದು. ವರ್ಷ ವರ್ಷಕ್ಕೂ ಇದು ಏರಿ ನಾಲ್ಕನೆಯ ವರ್ಷ 3,333 ಆಗುತ್ತದೆಂಬುದನ್ನು ಮರೆಯಬಾರದು.

4. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಕೂಡ ಇದೆ. ಒಂದು ವರ್ಷದ ಖರ್ಚು ಉಳಿಯುತ್ತದೆ, ಒಂದು ವರ್ಷ ಮೊದಲೇ ಸಂಬಳ ಬರುತ್ತದೆ. ಮುಂದೆ ಎರಡು ವರ್ಷ ಓದಿ ಪದವಿ ಪಡೆಯಬಹುದು. ನಾನೂ ಡಿಪ್ಲೊಮಾ ಓದಿದವನೇ, ಅದು ಕೀಳಲ್ಲ.

ಎಚ್ಚರಿಕೆಯ ಮಾತು

ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಜಮೀನಿನ ಆಧಾರ ಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ರುಜು ಹಾಕಬೇಕು. ಕಂತು ತಪ್ಪಿದರೆ ಮಗಳ ಹೆಸರಿನ ಜೊತೆಗೆ ತಮ್ಮ ಹೆಸರಿಗೂ ಕಪ್ಪು ಗುರುತು ಬೀಳುತ್ತದೆ. ಮುಂದೆ ಬೆಳೆಸಾಲಕ್ಕೆ ಹೋದಾಗ ಅದೇ ಅಡ್ಡ ಬಂದೀತು. ಸರ್ಕಾರ ಎಂದಾದರೂ ಮನ್ನಾ ಮಾಡೀತೆಂದೂ ಕಾಯಬೇಡಿ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಆದುದು ಬೆಳೆಸಾಲ, ವಿದ್ಯಾಸಾಲವಲ್ಲ.

ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ದಳ್ಳಾಳಿಯ ಮಾತು ಕೇಳಿ ಸೀಟು ಹಿಡಿಯಬೇಡಿ. ಹಿಂದಿನ ವರ್ಷ ಓದಿ ಹೊರಬಂದ ಇಬ್ಬರು ಮಕ್ಕಳನ್ನು ಹುಡುಕಿ, ಅವರ ಕೈಗೆ ಬರುವ ಸಂಬಳ ಎಷ್ಟೆಂದು ಕೇಳಿ. ಕಾಲೇಜಿನ ಜಾಹೀರಾತಿಗಿಂತ ಆ ಮಾತು ದೊಡ್ಡದು.

ಇಷ್ಟೆಲ್ಲ ಹೇಳಿದ್ದು ಹೆಣ್ಣುಮಕ್ಕಳನ್ನು ಓದಿಸಬೇಡಿ ಎಂದಲ್ಲ. ನರ್ಸಿಂಗ್ ಕಲಿತ ಮಗಳು ಎಲ್ಲಿ ಹೋದರೂ ಅನ್ನ ಸಂಪಾದಿಸಬಲ್ಲಳು. ಅವಳು ದುಡಿಯುವ ಮೊದಲ ಹತ್ತು ವರ್ಷ ಬ್ಯಾಂಕಿನ ಪಾಲಾಗಬಾರದೆಂಬುದಷ್ಟೇ ನನ್ನ ಕಾಳಜಿ.

ಕೆರೆ ಕೆಳಗಿನ ಎಕರೆಯನ್ನು ಆ ಹಿರಿಯರು ಮಾರಲಿಲ್ಲ. ಮಗಳು ಸರ್ಕಾರಿ ಸೀಟಿನ ಅರ್ಜಿ ತುಂಬಿದ್ದಾಳೆ, ಪಕ್ಕದಲ್ಲೇ ಜಿ.ಎನ್.ಎಂ. ಅರ್ಜಿಯೂ ಇದೆ. ತಾವೂ ಕಾಲೇಜಿನ ಫೀಜಿನ ಪಟ್ಟಿ, ಬ್ಯಾಂಕಿನ ಕಾಗದ ತೆಗೆದಿಟ್ಟಿರಿ. ನಾನು ತಮ್ಮ ಊರಿಗೆ ಬಂದ ದಿನ, ಮಗಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು, ಒಟ್ಟಿಗೆ ಲೆಕ್ಕ ಹಾಕೋಣ. ರುಜು ಆಮೇಲೆ.

— ತಮ್ಮ ಗ್ರಾಮಸೇವಕ