ಹಿಮ್ಮಡಿಯ ಚೀಟಿ ಎಷ್ಟು ನಿಜ?

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಂಥ ಊರಿಗೆ ಉಚಿತ ಮೂಳೆ ತಪಾಸಣಾ ಶಿಬಿರ ಬಂತು ಅಂತಿಟ್ಟುಕೊಳ್ಳಿ. ಅರವತ್ತು ದಾಟಿದ ಅವ್ವ ಒಂದು ಪುಟ್ಟ ಯಂತ್ರದೊಳಗೆ ಕಾಲಿಡ್ತಾರೆ. ಕೆಲವೇ ನಿಮಿಷದಲ್ಲಿ ಚೀಟಿ ಬರುತ್ತೆ: ಟಿ-ಸ್ಕೋರ್ ಮೈನಸ್ 2.6. ಮನೆಮಂದಿಗೆಲ್ಲ ಗಾಬರಿ. ಈ ಅಂಕಿಯನ್ನ ಎಷ್ಟು ನಂಬಬೇಕು?

ಮೊದಲು, ಹಿಮ್ಮಡಿಯೇ ಯಾಕೆ ಅಂತ ನೋಡೋಣ. ಪಾದದ ಮೂಳೆಗಳಲ್ಲೆಲ್ಲ ದೊಡ್ಡದು ಇದು. ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯೋರ ಮೈಭಾರ ಹೆಜ್ಜೆಹೆಜ್ಜೆಗೂ ಮೊದಲು ಬೀಳೋದು ಇದರ ಮೇಲೇ. ಹೊರಗೆ ತೆಳು ಚಿಪ್ಪು, ಒಳಗೆಲ್ಲ ಜೇನುಗೂಡಿನಂಥ ಜಾಲ. ಭಾರ ಬೀಳೋ ದಿಕ್ಕಿಗೇ ಆ ಎಳೆಗಳು ಸಾಲುಗಟ್ಟಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಬೇಗ ಸವೆಯೋದು ಇಂಥ ಜಾಲವೇ. ಇದರ ಲೆಕ್ಕ ಕಠಿಣ: ಸಾಂದ್ರತೆ ಅರ್ಧಕ್ಕಿಳಿದರೆ ಬಲ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತೆ.

ಸಂತೆಯಲ್ಲಿ ಮಡಕೆ ಕೊಳ್ಳೋರು ಬೆರಳಲ್ಲಿ ತಟ್ಟಿ ಸದ್ದು ಕೇಳ್ತಾರಲ್ಲ, ಈ ಯಂತ್ರದ ಕೆಲಸವೂ ಸುಮಾರು ಹಾಗೇ. ಕಿವಿಗೆ ಕೇಳಿಸದ ಶಬ್ದವನ್ನ ಹಿಮ್ಮಡಿಯ ಒಂದು ಪಕ್ಕದಿಂದ ಕಳಿಸಿ ಇನ್ನೊಂದು ಪಕ್ಕದಲ್ಲಿ ಹಿಡಿಯುತ್ತೆ. ಎಷ್ಟು ವೇಗವಾಗಿ ಬಂತು, ದಾರಿಯಲ್ಲಿ ಎಷ್ಟು ಕುಗ್ಗಿತು ಅಂತ ಅಳೆಯುತ್ತೆ. ಗಟ್ಟಿ ಮೂಳೆಯಲ್ಲಿ ಶಬ್ದ ವೇಗವಾಗಿ ಸಾಗುತ್ತೆ, ಎಳೆಗಳು ದಟ್ಟವಾಗಿದ್ದರೆ ಹೆಚ್ಚು ಕುಗ್ಗುತ್ತೆ. ಇಂಗ್ಲೆಂಡಿನ ಲ್ಯಾಂಗ್ಟನ್ ಮತ್ತು ಸಂಗಡಿಗರು 1984ರಲ್ಲಿ ಈ ದಾರಿ ತೋರಿಸಿದರು. ಇದರಲ್ಲಿ ಎಕ್ಸ್-ರೇ ಇಲ್ಲ, ಯಂತ್ರವನ್ನ ಹಳ್ಳಿಗೂ ಹೊತ್ತೊಯ್ಯಬಹುದು. ವಯಸ್ಸಾದ ಹೆಂಗಸರಲ್ಲಿ ಸೊಂಟ ಮುರಿಯೋ ಅಪಾಯವನ್ನ ಇದು ಮುಂಚೆಯೇ ಸೂಚಿಸುತ್ತೆ ಅಂತ 1996ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಹೇಳಿತು.

ಹಾಗಾದರೆ ತೊಡಕು ಎಲ್ಲಿ? ಮೈನಸ್ 2.5 ಅನ್ನೋ ಗೆರೆಯನ್ನ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು ಎಕ್ಸ್-ರೇ ಆಧಾರದ ಅಳತೆಗೆ. ಈಗ ಅದಕ್ಕೆ ಬಳಸೋದು ಡೆಕ್ಸಾ ಸ್ಕ್ಯಾನ್. ಹಿಮ್ಮಡಿಯ ಶಬ್ದಕ್ಕೆ ಆ ಗೆರೆ ನೇರವಾಗಿ ಹೊಂದೋದಿಲ್ಲ. ಪಾದ ತಣ್ಣಗಿದ್ದರೂ, ಊದಿದ್ದರೂ, ಇಟ್ಟ ಜಾಗ ಚೂರು ಆಚೀಚೆ ಆದರೂ ಅಂಕಿ ಬದಲಾಗುತ್ತೆ. ಇದು ಕಾಳು ಜರಡಿ ಹಿಡಿದ ಹಾಗೆ. ಯಾರನ್ನ ಇನ್ನೊಮ್ಮೆ ನೋಡಬೇಕು ಅಂತ ಹೇಳುತ್ತೆ, ಅಷ್ಟೇ.

ಆದ್ದರಿಂದ ಚೀಟಿ ನೋಡಿ ಟಾನಿಕ್ ಬಾಟಲಿಗೆ ಓಡಬೇಡಿ, ಚೀಟಿಯನ್ನ ಬಿಸಾಕಲೂ ಬೇಡಿ. ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಡೆಕ್ಸಾ ಮಾಡಿಸಿ. ಅಂಕಿ ಚೆನ್ನಾಗಿದ್ದರೂ, ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರೆ, ಬೇಗ ಮುಟ್ಟು ನಿಂತಿದ್ದರೆ, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ವೈದ್ಯರನ್ನ ಕಾಣಲೇಬೇಕು. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಮುದ್ದೆ ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ.

ಶಿಬಿರ ಹಾಕೋರಿಗೂ ಒಂದು ಮಾತು. ಚೀಟಿ ಕೈಗಿಟ್ಟು ಗಾಡಿ ಹತ್ತಿ ಹೋದರೆ ಆ ಅವ್ವನಿಗೆ ಉಳಿಯೋದು ಭಯ ಮಾತ್ರ. ಮುಂದಿನ ಪರೀಕ್ಷೆ ಎಲ್ಲಿ, ಯಾವತ್ತು, ಯಾರು ಕರ್ಕೊಂಡು ಹೋಗ್ತಾರೆ, ಅದನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ.