ಹಳೆಯ ಗಣಕಯಂತ್ರ ಕ್ರೀಡೆಗಳ ಸ್ಥಾಪನೆ: ತೊಡಕುಗಳೂ ಪರಿಹಾರಗಳೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೋರ್ವನು ತನ್ನ ತಂದೆಯೊಡನೆ ನಮ್ಮಲ್ಲಿಗೆ ಬಂದನು. ಅವನ ಕೈಯಲ್ಲಿ ಸಿ.ಡಿ.ಗಳ ಒಂದು ಪೆಟ್ಟಿಗೆಯಿತ್ತು. ಅವನ ಸೋದರಮಾವ ಕಾಲೇಜಿನಲ್ಲಿ ಓದುತ್ತಿದ್ದಾಗ, 1990ರ ದಶಕದ ಕೊನೆಯಲ್ಲಿ, ಕೊಂಡಿದ್ದ ಒಂದು ಕ್ರೀಡೆ ಅದು. ಮನೆಯ ಹೊಸ ಗಣಕಯಂತ್ರದಲ್ಲಿ ಅದನ್ನು ಸ್ಥಾಪಿಸಹೊರಟರೆ ಆಂಗ್ಲದಲ್ಲಿ ಒಂದು ಸೂಚನೆ ಕಾಣಿಸಿಕೊಂಡು ಕೆಲಸವೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಸಿ.ಡಿ. ಕೆಟ್ಟಿದೆಯೆಂದು ತಂದೆಯ ವಾದ. ಯಂತ್ರವೇ ಕೆಟ್ಟಿದೆಯೆಂದು ಮಗನ ವಾದ. ಸೂಚನೆಯಲ್ಲಿ ಏನಿತ್ತೆಂದು ಕೇಳಲಾಗಿ, ಅದನ್ನು ಇಬ್ಬರೂ ಓದಿರಲಿಲ್ಲವೆಂದು ತಿಳಿಯಿತು.

ನಾವು ಚರಿತ್ರೆಯನ್ನೂ ಕನ್ನಡವನ್ನೂ ಕಲಿಸುವವರು, ಯಂತ್ರವಿದ್ಯೆಯಲ್ಲಿ ಪಂಡಿತರಲ್ಲ. ಆದರೂ ಆ ಸೂಚನೆಯನ್ನು ಹುಡುಗನಿಂದ ಅಕ್ಷರಶಃ ಬರೆಯಿಸಿಕೊಂಡು ಕುಳಿತಾಗ, ಸಿ.ಡಿ.ಯೂ ಯಂತ್ರವೂ ಎರಡೂ ಸರಿಯಾಗಿಯೇ ಇದ್ದುವೆಂಬುದು ಸ್ಪಷ್ಟವಾಯಿತು. ಕೆಟ್ಟಿದ್ದುದು ಅವೆರಡರ ನಡುವಣ ಸಂಬಂಧ ಮಾತ್ರ. ಇಂತಹ ತೊಡಕು ಇನ್ನೂ ಹಲವು ಮನೆಗಳಲ್ಲಿ ಇದ್ದೀತೆಂದು ತೋರಿದುದರಿಂದ, ಅದರ ಕಾರಣಗಳನ್ನೂ ಪರಿಹಾರಗಳನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಆ ಕ್ರೀಡೆ ಪಾತ್ರಧಾರಣೆಯ ಜಾತಿಗೆ ಸೇರಿದ್ದು. ಯಕ್ಷಗಾನದಲ್ಲಿ ವೇಷಧಾರಿಯು ಒಂದು ಪಾತ್ರವನ್ನು ತೊಟ್ಟು ಅದರಂತೆ ನಡೆಯುವ ಹಾಗೆ, ಆಡುವವನು ಇಲ್ಲಿ ಒಬ್ಬ ವೀರನ ಪಾತ್ರವನ್ನು ತೊಟ್ಟು ಒಂದು ಕಲ್ಪಿತ ದೇಶದಲ್ಲಿ ಸಂಚರಿಸುತ್ತಾನೆ. ಈ ಜಾತಿಯ ಮೊದಲ ಪ್ರಸಿದ್ಧ ಕ್ರೀಡೆಗಳಾದ ‘ಅಲ್ಟಿಮಾ’ ಮತ್ತು ‘ವಿಝರ್ಡ್ರಿ’ 1981ರಲ್ಲಿ ಅಮೆರಿಕದಲ್ಲಿ ಹೊರಬಂದುವು. ರಿಚರ್ಡ್ ಗ್ಯಾರಿಯಟ್ ಎಂಬವರು 1985ರಲ್ಲಿ ರಚಿಸಿದ ‘ಅಲ್ಟಿಮಾ’ದ ನಾಲ್ಕನೆಯ ಭಾಗದಲ್ಲಿ ಕೊಲ್ಲಬೇಕಾದ ದುಷ್ಟ ರಾಜನಿಲ್ಲ. ಸತ್ಯ, ದಯೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ನಡತೆಯಿಂದ ಸಾಧಿಸಿದವನು ‘ಅವತಾರ’ನೆನಿಸುತ್ತಾನೆ. ಆ ಶಬ್ದ ನಮ್ಮ ಪುರಾಣಗಳಿಂದಲೇ ಹೋದುದು. ಕುರುಡು ವ್ಯಾಪಾರಿಗೆ ಕಡಮೆ ಹಣವೆಣಿಸಿ ಕೊಟ್ಟವನ ಸತ್ಯಗುಣ ಅಲ್ಲಿ ತಗ್ಗುತ್ತದೆ. ಇಂತಹ ಕೃತಿಗಳು ಯಂತ್ರ ಬದಲಾದ ಮಾತ್ರಕ್ಕೆ ಕಸವಾಗತಕ್ಕವಲ್ಲ.

ಸ್ಥಾಪನೆ ಎಂದರೇನು?

ಸಿ.ಡಿ.ಯಲ್ಲಿ ಕ್ರೀಡೆ ಬಿಗಿಯಾಗಿ ಮಡಿಸಿಟ್ಟ ಬಟ್ಟೆಯಂತಿರುತ್ತದೆ. ಅದನ್ನು ಬಿಚ್ಚಿ ಯಂತ್ರದ ಸಂಗ್ರಹದಲ್ಲಿ ಸರಿಯಾದ ಸ್ಥಳದಲ್ಲಿಡುವುದು, ಇಟ್ಟ ಸ್ಥಳವನ್ನು ಯಂತ್ರದ ದಾಖಲೆಯಲ್ಲಿ ಬರೆಯುವುದು, ಬೇಕಾದ ಸಹಾಯಕ ಭಾಗಗಳನ್ನು ಜೋಡಿಸುವುದು, ಈ ಕೆಲಸಗಳಿಗಾಗಿ ‘ಸೆಟಪ್’ ಎಂಬ ಬೇರೆಯೇ ಒಂದು ಕ್ರಮವಿಧಿ ಇರುತ್ತದೆ. ಸೆಟಪ್ಪು ಬೇರೆ, ಕ್ರೀಡೆ ಬೇರೆ. ಸೆಟಪ್ಪು ಸೋತರೆ ಕ್ರೀಡೆಯೂ ಸೋತಂತಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತೊಡಕು ಬಿಡಿಸಿದಂತೆಯೇ.

ಮೊದಲನೆಯ ತೊಡಕು: 16 ಬಿಟ್ಟಿನ ಸೆಟಪ್ಪು

ಹುಡುಗನು ಬರೆದು ತಂದ ಸೂಚನೆಯ ತಾತ್ಪರ್ಯ, ‘ಈ ಕ್ರಮವಿಧಿ ಈ ಯಂತ್ರದಲ್ಲಿ ನಡೆಯಲಾರದು’ ಎಂಬುದು. ಇದರ ಅರ್ಥವನ್ನು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. 1978ರಲ್ಲಿ ಇಂಟೆಲ್ ಸಂಸ್ಥೆ ತಂದ 8086 ಎಂಬ ಸಂಸ್ಕಾರಕವು ಒಮ್ಮೆಗೆ 16 ಬಿಟ್ಟುಗಳ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತಿತ್ತು. 1985ರ 80386 ಸಂಸ್ಕಾರಕ 32 ಬಿಟ್ಟಿನದು. 2003ರಲ್ಲಿ ಎ.ಎಂ.ಡಿ. ಸಂಸ್ಥೆ ಇದೇ ವಂಶದಲ್ಲಿ 64 ಬಿಟ್ಟಿನ ಸಂಸ್ಕಾರಕವನ್ನು ತಂದಿತು. ಪ್ರತಿಯೊಂದು ತಲೆಮಾರಿಗೂ ಅದರ ಭಾಷೆಯಲ್ಲಿ ಬರೆದ ಕ್ರಮವಿಧಿಗಳುಂಟು. 64 ಬಿಟ್ಟಿನ ವಿಂಡೋಸ್ ತನ್ನ ಭಾಷೆಯ ಜೊತೆಗೆ 32 ಬಿಟ್ಟಿನದನ್ನೂ ಬಲ್ಲುದು. 16 ಬಿಟ್ಟಿನದನ್ನು ಮಾತ್ರ ಅರಿಯದು. ಅಜ್ಜನ ಬರಹವನ್ನು ಮಗ ಓದಬಲ್ಲ, ಮೊಮ್ಮಗ ಓದಲಾರ ಎಂಬ ಹಾಗೆ. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ಟಿನ ರೂಪದಲ್ಲಿಯೇ ಬಂದಿತು.

ವಿಚಿತ್ರವೆಂದರೆ, 1995ರ ಅನಂತರದ ಬಹಳಷ್ಟು ಕ್ರೀಡೆಗಳು ಸ್ವತಃ 32 ಬಿಟ್ಟಿನವು. ಅವುಗಳ ಸೆಟಪ್ಪು ಮಾತ್ರ 16 ಬಿಟ್ಟಿನದು. ಹಳೆಯ ವಿಂಡೋಸಿನಲ್ಲಿಯೂ ಹೊಸದರಲ್ಲಿಯೂ ತೆರೆದುಕೊಳ್ಳಲೆಂದು ತಯಾರಕರು ಹಳೆಯ ಸೆಟಪ್ಪನ್ನೇ ಇರಿಸಿಕೊಂಡರು. ಆದುದರಿಂದ ಮನೆ ವಾಸಯೋಗ್ಯವಾಗಿದ್ದರೂ ಹೆಬ್ಬಾಗಿಲಿನ ಬೀಗದ ಕೈ ಮಾತ್ರ ತಿರುಗದು. ಹೆಸರಾಂತ ಕೆಲವು ಸೆಟಪ್ಪುಗಳನ್ನು 64 ಬಿಟ್ಟಿನ ವಿಂಡೋಸ್ ಗುರುತಿಸಿ, ಅವುಗಳ ಬದಲಿಗೆ ತನ್ನಲ್ಲಿರುವ 32 ಬಿಟ್ಟಿನ ಪ್ರತಿಯನ್ನು ನಡೆಸುತ್ತದೆ. ಉಳಿದವುಗಳಿಗೆ ಆ ಭಾಗ್ಯವಿಲ್ಲ.

ಪರಿಹಾರವು ಮೂರು ಬಗೆಯದು. ಒಂದು, ತಯಾರಕರೇ ಅನಂತರ ಹೊರಡಿಸಿದ ಹೊಸ ಪ್ರತಿಯನ್ನು ಪಡೆಯುವುದು. ಎರಡು, ಕೆಲವು ಸಿ.ಡಿ.ಗಳಲ್ಲಿ ಕ್ರೀಡೆಯ ಕಡತಗಳು ಬಿಚ್ಚಿದ ರೂಪದಲ್ಲಿಯೇ ಇರುತ್ತವೆ. ಅಂತಹವನ್ನು ಕೈಯಿಂದಲೇ ನಕಲು ಮಾಡಿಕೊಳ್ಳುವುದು. ಮೂರು, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಕಲ್ಪಿಸುವ ಕ್ರಮವಿಧಿಯಲ್ಲಿ 32 ಬಿಟ್ಟಿನ ಹಳೆಯ ವಿಂಡೋಸನ್ನು ನಿಲ್ಲಿಸಿ, ಅಲ್ಲಿ ಸೆಟಪ್ಪನ್ನು ನಡೆಸುವುದು. ನಾವು ಈ ಮೂರನೆಯ ದಾರಿಯನ್ನು ಹಿಡಿದೆವು. ಎರಡು ಸಂಜೆಗಳು ಬೇಕಾದುವು.

ಎರಡನೆಯದು: ಡಾಸ್ ಕಾಲದ ಕ್ರೀಡೆಗಳು

ವಿಂಡೋಸಿಗೂ ಮುಂಚಿನ ಡಾಸ್ ವ್ಯವಸ್ಥೆಯ ಕ್ರೀಡೆಗಳ ಸಂಕಟ ಬೇರೆ. ಡಾಸ್ ಕ್ರಮವಿಧಿಗಳಿಗೆ ನೇರವಾಗಿ ದೊರೆಯುತ್ತಿದ್ದ ಸ್ಮೃತಿ ಕೇವಲ 640 ಕಿಲೋಬೈಟು. ಅದಕ್ಕಿಂತ ಹೆಚ್ಚಿನದನ್ನು ಬಳಸಲು ಪ್ರತಿಯೊಬ್ಬ ತಯಾರಕನೂ ಒಂದೊಂದು ಉಪಾಯ ಹೂಡಿದನು. 1992ರ ‘ಅಲ್ಟಿಮಾ’ ಏಳನೆಯ ಭಾಗವು ತನ್ನದೇ ಆದ ಸ್ಮೃತಿನಿರ್ವಾಹಕವನ್ನು ಹೊಂದಿದ್ದು, ಡಾಸಿನೊಡನೆ ಬರುತ್ತಿದ್ದ ನಿರ್ವಾಹಕವನ್ನು ಸಹಿಸುತ್ತಿರಲಿಲ್ಲ. ಆ ಕಾಲದಲ್ಲಿಯೇ ಅದನ್ನು ಆಡಲು ಪ್ರತ್ಯೇಕ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಬೇಕಾಗುತ್ತಿತ್ತು.

ಈ ವರ್ಗಕ್ಕೆಲ್ಲ ದಿವ್ಯೌಷಧವೆಂದರೆ 2002ರಲ್ಲಿ ಮೊದಲು ಹೊರಬಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ಕ್ರಮವಿಧಿ. ಇದು ಸಂಸ್ಕಾರಕ, ಧ್ವನಿಪಟ್ಟಿಕೆ, ಚಿತ್ರಪಟ್ಟಿಕೆಗಳ ಸಹಿತ ಹಳೆಯ ಯಂತ್ರವೊಂದನ್ನು ಇಡಿಯಾಗಿ ಅನುಕರಿಸುತ್ತದೆ. ನಮ್ಮ ಶಾಲೆಗಳಲ್ಲಿರುವ ಲಿನಕ್ಸ್ ಯಂತ್ರಗಳಲ್ಲಿಯೂ ನಡೆಯುತ್ತದೆ. ಕ್ರೀಡೆಯಿರುವ ಕಡತಕೋಶವನ್ನು ‘ಮೌಂಟ್’ ಎಂಬ ಆಜ್ಞೆಯಿಂದ ಅದಕ್ಕೆ ತೋರಿಸಿಕೊಡಬೇಕು. ಇದನ್ನು ಮರೆತವರೇ ‘ಏನೂ ಕಾಣಿಸುತ್ತಿಲ್ಲ’ವೆಂದು ದೂರುವವರು. ವೀರನು ಬಾಣದಂತೆ ಓಡಿದರೆ ಕಂಟ್ರೋಲ್ ಕೀಲಿಯೊಡನೆ ಎಫ್ 11ನ್ನು ಒತ್ತಿ ವೇಗವನ್ನು ತಗ್ಗಿಸಬೇಕು. ತೆವಳಿದರೆ ಎಫ್ 12ನ್ನು ಒತ್ತಿ ಹೆಚ್ಚಿಸಬೇಕು. ‘ಅಲ್ಟಿಮಾ’ ಏಳಕ್ಕೆ, ಡಾಸ್‌ಬಾಕ್ಸಿನ ಸಂಯೋಜನೆಯ ಕಡತದಲ್ಲಿ ಇ.ಎಂ.ಎಸ್. ಎಂಬ ಸ್ಮೃತಿಪದ್ಧತಿಯನ್ನು ನಿಲ್ಲಿಸಬೇಕು. ‘ಎಕ್ಸಲ್ಟ್’ ಎಂಬ ಇನ್ನೊಂದು ಉಚಿತ ಕ್ರಮವಿಧಿಯು ಮೂಲ ಕ್ರೀಡೆಯ ಕಡತಗಳನ್ನೇ ಓದಿ ಹೊಸ ಯಂತ್ರದಲ್ಲಿ ನೇರವಾಗಿ ಆಡಿಸುತ್ತದೆ.

ಮೂರನೆಯದು: ಸಿ.ಡಿ.ಯ ಬೀಗ

ಕಳ್ಳಪ್ರತಿಗಳನ್ನು ತಡೆಯಲು ತಯಾರಕರು ಮೂಲ ಸಿ.ಡಿ.ಯನ್ನು ಪರೀಕ್ಷಿಸುವ ‘ಸೇಫ್‌ಡಿಸ್ಕ್’ ಮೊದಲಾದ ಬೀಗಗಳನ್ನು ಹಾಕುತ್ತಿದ್ದರು. ಅವು ಯಂತ್ರದ ಅಂತರಂಗದವರೆಗೂ ಕೈಚಾಚುವಂತಹವು. ಭದ್ರತೆಗೆ ಅಪಾಯಕರವೆಂದು ಕಂಡುಬಂದುವು. ಆದುದರಿಂದ 2015ರ ವಿಂಡೋಸ್ 10 ಸೇಫ್‌ಡಿಸ್ಕಿಗೆ ಆಸ್ಪದ ಕೊಡಲಿಲ್ಲ. ಇದರಿಂದ ಒದಗಿದ ಫಲವೇನೆಂದರೆ, ಹಣ ಕೊಟ್ಟು ಕೊಂಡವನ ಸಿ.ಡಿ. ತೆರೆಯದು, ಬೀಗ ಮುರಿದ ಕಳ್ಳಪ್ರತಿ ತೆರೆಯುತ್ತದೆ!

ಹೀಗೆಂದು ಕಳ್ಳಪ್ರತಿಗೆ ಕೈಹಾಕತಕ್ಕದ್ದಲ್ಲ. ಬೀಗ ಮುರಿಯುವ ಕಡತವೆಂದು ಎಲ್ಲೆಲ್ಲಿಯೋ ದೊರೆಯುವ ವಸ್ತುವಿನಲ್ಲಿ ವೈರಸ್ಸು ಅಡಗಿರುವುದು ಅಪರೂಪವಲ್ಲ. ಅದೇ ಯಂತ್ರದಲ್ಲಿ ತಂದೆಯವರ ಬ್ಯಾಂಕಿನ ವ್ಯವಹಾರವೂ ನಡೆಯುತ್ತಿರುತ್ತದೆ. ಕೆಲವು ತಯಾರಕರು ಕೊನೆಯ ತಿದ್ದುಪಡಿಯಲ್ಲಿ ತಾವೇ ಬೀಗವನ್ನು ತೆಗೆದಿದ್ದಾರೆ. ಪೋಲೆಂಡಿನಲ್ಲಿ 2008ರಲ್ಲಿ ಆರಂಭವಾದ ಜಿ.ಓ.ಜಿ. ಎಂಬ ಮಾರಾಟ ಸಂಸ್ಥೆಯು ಹಳೆಯ ಕ್ರೀಡೆಗಳನ್ನು ಬೀಗವಿಲ್ಲದೆ, ಡಾಸ್‌ಬಾಕ್ಸಿನಂತಹ ಸಾಧನಗಳನ್ನು ಜೋಡಿಸಿಯೇ ಮಾರುತ್ತದೆ. ಮೇಲೆ ಹೇಳಿದ ‘ಅಲ್ಟಿಮಾ’ ನಾಲ್ಕನ್ನು ಅದು 2011ರಲ್ಲಿ ಉಚಿತವಾಗಿಯೇ ಒದಗಿಸಿತು.

ನಾಲ್ಕನೆಯದು: ಸ್ಥಳದೋಷ

ಹಳೆಯ ಕ್ರೀಡೆಗಳು ಆಟದ ಸ್ಥಿತಿಯನ್ನು ತಮ್ಮ ಕೋಶದಲ್ಲಿಯೇ ಬರೆದಿಡುತ್ತಿದ್ದುವು. ಆದರೆ 2007ರಲ್ಲಿ ಜನಸಾಮಾನ್ಯರಿಗೆ ದೊರೆತ ವಿಂಡೋಸ್ ವಿಸ್ತಾ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಕೋಶವನ್ನು ರಕ್ಷಿತ ಸ್ಥಳವನ್ನಾಗಿ ಮಾಡಿತು. ಅಲ್ಲಿ ಬರೆಯಲು ಯತ್ನಿಸಿದ ಹಳೆಯ ಕ್ರಮವಿಧಿಯ ಬರಹವನ್ನು ವ್ಯವಸ್ಥೆಯು ಸದ್ದಿಲ್ಲದೆ ಬೇರೊಂದು ಕೋಶಕ್ಕೆ ಸಾಗಿಸುತ್ತದೆ. ಬೆಥೆಸ್ಡಾ ಸಂಸ್ಥೆಯ 2002ರ ‘ಮಾರೋವಿಂಡ್’ ಕ್ರೀಡೆಯನ್ನು ಆಡುವವರು, ತಾವು ಉಳಿಸಿದ ಆಟ ಮಾಯವಾಯಿತೆಂದು ಕಂಗಾಲಾಗುವುದು ಇದರಿಂದಲೇ. ಪರಿಹಾರ ಅತಿ ಸುಲಭ: ಸ್ಥಾಪಿಸುವಾಗಲೇ ‘ಪ್ರೋಗ್ರಾಮ್ ಫೈಲ್ಸ್’ನ ಹೊರಗೆ ಬೇರೆಯೇ ಒಂದು ಕೋಶವನ್ನು ಆರಿಸಿಕೊಳ್ಳಬೇಕು.

ಐದನೆಯದು: ಇಲ್ಲದ ಭಾಗ, ಕೆಟ್ಟ ಬಣ್ಣ

ಸ್ಥಾಪನೆ ಮುಗಿದರೂ, ‘ಡಿ3ಡಿಎಕ್ಸ್9’ ಎಂದು ಆರಂಭವಾಗುವ ಹೆಸರಿನ ಕಡತವಿಲ್ಲವೆಂದು ಕೆಲವು ಕ್ರೀಡೆಗಳು ಹಟಹಿಡಿಯುತ್ತವೆ. ಇದು ಡೈರೆಕ್ಟ್ಎಕ್ಸ್ ಎಂಬ ಸಹಾಯಕ ಸಮೂಹದ ಹಳೆಯ ಭಾಗ. ಆ ಒಂದು ಕಡತವನ್ನು ಮಾತ್ರ ಅಪರಿಚಿತ ಸ್ಥಳದಿಂದ ತಂದು ತುರುಕಬಾರದು; ಮೈಕ್ರೋಸಾಫ್ಟ್ ಸಂಸ್ಥೆಯು 2010ರ ಜೂನಿನಲ್ಲಿ ಹೊರಡಿಸಿದ ಸಮೂಹವನ್ನು ಪೂರ್ಣವಾಗಿ ಸ್ಥಾಪಿಸಬೇಕು. ‘ಡೈರೆಕ್ಟ್‌ಪ್ಲೇ’ ಇಲ್ಲವೆಂದರೆ ಅದನ್ನು ವಿಂಡೋಸಿನ ಐಚ್ಛಿಕ ಅಂಗಗಳ ಪಟ್ಟಿಯಲ್ಲಿಯೇ ಜಾಗೃತಗೊಳಿಸಬಹುದು. 1997ರ ‘ಫಾಲ್‌ಔಟ್’ನಂತಹ ಕ್ರೀಡೆಗಳು 256 ಬಣ್ಣಗಳ ಕಾಲದವು, ಹೊಸ ವ್ಯವಸ್ಥೆ ಆ ಬಣ್ಣಗಳ ಪಟ್ಟಿಯನ್ನು ಕದಡಿದಾಗ ಮುಖಗಳು ಹಸುರು, ನೇರಳೆಯಾಗಿ ತೋರುತ್ತವೆ. ಕ್ರೀಡೆಯ ಗುಣಲಕ್ಷಣಗಳ ಫಲಕದಲ್ಲಿರುವ ಹೊಂದಾಣಿಕೆಯ ವಿಭಾಗವನ್ನು ಇಂತಹ ಸಂದರ್ಭದಲ್ಲಿ ಮೊದಲು ನೋಡತಕ್ಕದ್ದು.

ಒಂದು ಎಚ್ಚರಿಕೆ

2001ರಲ್ಲಿ ಹೊರಬಂದ ‘ಪೂಲ್ ಆಫ್ ರೇಡಿಯನ್ಸ್: ರೂಯಿನ್ಸ್ ಆಫ್ ಮಿತ್ ಡ್ರಾನರ್’ ಎಂಬ ಕ್ರೀಡೆಯ ಮೊದಲ ಪ್ರತಿಯನ್ನು ತೆಗೆದುಹಾಕಹೊರಟವರ ಯಂತ್ರಗಳಲ್ಲಿ ವಿಂಡೋಸಿನ ಕಡತಗಳೇ ಅಳಿಸಿಹೋಗುವ ದೋಷವಿತ್ತು, ಅನಂತರ ತಿದ್ದುಪಡಿ ಬಂದಿತು. ಆದುದರಿಂದ ಹಳೆಯ ವಸ್ತುವನ್ನು ಮುಟ್ಟುವ ಮೊದಲು ಮನೆಯ ಪತ್ರ, ಭಾವಚಿತ್ರಗಳ ನಕಲನ್ನು ಬೇರೆಡೆ ಇಟ್ಟುಕೊಳ್ಳಬೇಕು. ಸ್ಥಾಪನೆಯಾದ ಕೂಡಲೇ ಕೊನೆಯ ತಿದ್ದುಪಡಿಯನ್ನು ಹಾಕಬೇಕು.

ವಿದ್ಯಾರ್ಥಿಗಳು ಅನುಸರಿಸತಕ್ಕ ಕ್ರಮ

1. ಸೂಚನೆಯನ್ನು ಅಕ್ಷರಶಃ ಟಿಪ್ಪಣಿಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಂಗ್ಲ ಅರ್ಥವಾಗದಿದ್ದರೆ ನಿಘಂಟು ಇದೆ, ಉಪಾಧ್ಯಾಯರಿದ್ದಾರೆ.
2. ಕ್ರೀಡೆ ಯಾವ ವರ್ಷದ್ದು, ಯಾವ ವ್ಯವಸ್ಥೆಗಾಗಿ ಬರೆದುದು ಎಂಬುದನ್ನು ಪೆಟ್ಟಿಗೆಯ ಮೇಲೆ ನೋಡಬೇಕು. ಕಾಲ ತಿಳಿದರೆ ರೋಗವೂ ಬಹುಮಟ್ಟಿಗೆ ತಿಳಿಯುತ್ತದೆ.
3. ಸಿ.ಡಿ.ಯಲ್ಲಿರುವ ‘ರೀಡ್‌ಮಿ’ ಕಡತವನ್ನು ಓದಬೇಕು.
4. ನಿಂತುದು ಸೆಟಪ್ಪೋ ಕ್ರೀಡೆಯೋ ಎಂಬುದನ್ನು ನಿಶ್ಚಯಿಸಬೇಕು.
5. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು. ಮೂರನ್ನು ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂಬುದು ಗೊತ್ತಾಗದು.

ಮಾತಾಪಿತರಲ್ಲಿ ಒಂದು ಬಿನ್ನಹ

ಮಕ್ಕಳು ಆಟಕ್ಕಾಗಿ ಇಷ್ಟು ಶ್ರಮಪಡಬೇಕೇ ಎಂದು ತಾವು ಕೇಳಬಹುದು. ಆಟಕ್ಕೆ ಹೊತ್ತಿನ ಮಿತಿ ಇರಲೇಬೇಕು. ವಯಸ್ಸಿಗೆ ತಕ್ಕ ಕ್ರೀಡೆಯೋ ಎಂಬುದನ್ನೂ ತಾವು ನೋಡಿಕೊಳ್ಳಬೇಕು. ಆದರೆ ಆ ಶ್ರಮದ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಸಂಘದ ಕಪಾಟಿನಲ್ಲಿ ಈ ವಾರ್ಷಿಕ ಸಂಚಿಕೆಯ ಐದು ವರ್ಷಗಳ ಹಸ್ತಪ್ರತಿ ಹಳೆಯ ಸಿ.ಡಿ.ಗಳಲ್ಲಿತ್ತು. ಅಚ್ಚಿನ ಪ್ರತಿಗಳು ಒಂದು ಮಳೆಗಾಲದಲ್ಲಿ ನೀರು ಸೋರಿ ಹಾಳಾಗಿದ್ದುವು. ಸಿ.ಡಿ. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್ ರೂಢಿಗೆ ಬರುವ ಮುನ್ನ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನಿಟ್ಟು ಬೆರಳಚ್ಚು ಮಾಡುತ್ತಿದ್ದರು. ಆ ಅಕ್ಷರಮಾದರಿಯೂ ಅದನ್ನು ತೆರೆಯುವ ಕ್ರಮವಿಧಿಯೂ ಇಲ್ಲದೆ ಬರಹ ಕಾಣಿಸದು. ಕಾರ್ಯಾಲಯದವರು ಅವನ್ನು ಎಸೆಯುವುದರಲ್ಲಿದ್ದರು.

ಆಗಸ್ಟಿನಲ್ಲಿ ಅದೇ ಹುಡುಗನು ನಮ್ಮ ಬಳಿಗೆ ಬಂದು, ಕ್ರೀಡೆಗಾಗಿ ನಿಲ್ಲಿಸಿದ ಹಳೆಯ ವಿಂಡೋಸಿನಲ್ಲಿಯೇ ಇದನ್ನೂ ತೆರೆದು ನೋಡಬಾರದೇಕೆ ಎಂದು ಕೇಳಿದನು. ಅದು ನಮಗೆ ಹೊಳೆದಿರಲಿಲ್ಲ. ಆ ಸಿ.ಡಿ.ಗಳ ಪೈಕಿ ಒಂದರಲ್ಲಿ ಅಕ್ಷರಮಾದರಿಯೂ ಇತ್ತು. ಒಂದು ವಾರದ ಬಳಿಕ, ನಿವೃತ್ತರಾಗಿ ಈಗ ತೀರಿಕೊಂಡಿರುವ ನಮ್ಮ ಗುರುಗಳೊಬ್ಬರು ಬರೆದ ಶಾಲೆಯ ಚರಿತ್ರೆಯ ಮೊದಲ ಪುಟ ಕನ್ನಡದಲ್ಲಿ ಮೂಡಿತು. ಮೂರು ವರ್ಷಗಳ ಸಂಚಿಕೆ ಹೀಗೆ ಕೈಸೇರಿ, ಈಗ ಯೂನಿಕೋಡಿಗೆ ಪರಿವರ್ತಿತವಾಗಿದೆ. ಉಳಿದೆರಡು ಸಿ.ಡಿ.ಗಳಿಗೆ ಬೂಷ್ಟು ಹಿಡಿದಿದ್ದು, ಯಾವ ಉಪಾಯವೂ ಫಲಿಸಲಿಲ್ಲ.

ಆ ಎರಡು ವರ್ಷಗಳ ಸಂಚಿಕೆಯ ಅಚ್ಚಿನ ಪ್ರತಿ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಎಲ್ಲಿಯಾದರೂ ಇದ್ದರೆ ದಯವಿಟ್ಟು ನಮಗೆ ತಿಳಿಸಬೇಕು. ನಕಲು ಮಾಡಿಕೊಂಡು ಕೂಡಲೇ ಹಿಂದಿರುಗಿಸುತ್ತೇವೆ.