ಹಿತ್ತಲಿಗೆ ಬಂದ ಹಿರಿಯ ಹಕ್ಕಿಗಳು

ಮಾರ್ಗಶಿರ ಮಾಸದ ಚಳಿಯಲ್ಲಿ, ಗದ್ದೆಬಯಲುಗಳ ಮೇಲೆ ಮಂಜು ಕವಿದಿರುವಾಗ, ನಮ್ಮ ಸೀಮೆಯ ಹಳ್ಳಿಗಳ ಹಿತ್ತಲುಗಳಿಗೆ ಕೆಲವು ದೊಡ್ಡ ಹಕ್ಕಿಗಳು ಬಂದಿಳಿಯುವುದುಂಟು. ಮನೆಮಂದಿಯೆಲ್ಲರೂ ನೋಡಿ ಬೆರಗಾಗುವರು. ಹೆಸರು ಹೇಳಬಲ್ಲವರು ಮಾತ್ರ ವಿರಳ. ಆ ಅರಿಯದವರ ಸಾಲಿನಲ್ಲಿ ನಾವೂ ಒಬ್ಬರಾಗಿದ್ದೆವೆಂಬುದನ್ನು ವಾಚಕರ ಮುಂದೆ ಮೊದಲೇ ಒಪ್ಪಿಕೊಳ್ಳುವುದು ಲೇಸು.

ಕಳೆದ ಚಳಿಗಾಲದ ಒಂದು ಪ್ರಾತಃಕಾಲ, ಕಿರುಗಾವಲಿನ ನಮ್ಮ ಮನೆಯ ಹಿತ್ತಲ ಹುಣಸೆಯ ಮರಕ್ಕೆ ಎರಡು ಮಹಾಪಕ್ಷಿಗಳು ಹಾರಿಬಂದು ಕುಳಿತುವು. ಮೊಮ್ಮಗನು, ‘ತಾತ, ಇವು ಯಾವ ಹಕ್ಕಿ?’ ಎಂದು ಕೇಳಿದನು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಅಮರಕೋಶದ ಸಿಂಹಾದಿವರ್ಗವನ್ನು ಬಾಯಿಪಾಠ ಮಾಡಿಸಿದ ನಾವು ತಡಮಾಡದೆ, ‘ಬಕ’ ಎಂದುಬಿಟ್ಟೆವು. ಹಾಲು ತಂದಿದ್ದ ನೆರೆಮನೆಯ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡಮಾಡಿ ನಕ್ಕಳು. ‘ಬೆಳ್ಳಕ್ಕಿ ಜಾತಿಯಲ್ಲ ಕನ್ ಮೇಷ್ಟ್ರೆ. ಅದು ಕತ್ತು ಮಡಿಕ್ಕಂಡ್ ಹಾರ್ತದೆ. ಇದು ಕೋಲ್ನಂಗೆ ನೀಟ್ಕಂಡ್ ಬಂತಲ್ಲ, ನೋಡ್ನಿಲ್ವಾ?’ ಎಂದಳು. ನಾವು ನೋಡಿರಲಿಲ್ಲ. ಶಬ್ದವು ನಮ್ಮಲ್ಲಿತ್ತು, ಅರ್ಥವು ಅವಳಲ್ಲಿತ್ತು.

ಅಂದಿನಿಂದ ನಾವು ಕಲಿತುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುವೆವು. ದೊಡ್ಡ ಹಕ್ಕಿಯನ್ನು ಕಂಡಾಗ ಬಣ್ಣಕ್ಕೆ ಮರುಳಾಗದೆ, ಹಾರುವಾಗಿನ ಕತ್ತು, ಕೊಕ್ಕು, ಕಾಲು ಈ ಮೂರನ್ನು ಮೊದಲು ನೋಡತಕ್ಕದ್ದು. ಬಕಗಳೂ ಬೆಳ್ಳಕ್ಕಿಗಳೂ ಹಾರುವಾಗ ಕತ್ತನ್ನು ಹೆಗಲಿನ ಕಡೆಗೆ ಮಡಿಸಿಕೊಳ್ಳುವುವು. ಕೊಕ್ಕರೆಗಳೂ ಕೆಂಬರಲುಗಳೂ ಕತ್ತನ್ನು ಮುಂದಕ್ಕೂ ಕಾಲನ್ನು ಹಿಂದಕ್ಕೂ ನೀಡಿಕೊಂಡು ಹಾರುವುವು.

ನಮ್ಮ ಮರಕ್ಕೆ ಬಂದವು ಬಣ್ಣದ ಕೊಕ್ಕರೆಗಳು. ನಿಂತರೆ ಎತ್ತರವು ಮೂರಡಿಗೂ ತುಸು ಹೆಚ್ಚು. ನೀಳವಾದ ಹಳದಿ ಕೊಕ್ಕು ತುದಿಯಲ್ಲಿ ಕೊಂಚ ಕೆಳಕ್ಕೆ ಬಾಗಿರುವುದು. ಮುಖವು ಗರಿಯಿಲ್ಲದ ಕಿತ್ತಿಳೆ ಬಣ್ಣದ ಚರ್ಮ. ಬಿಳಿಯ ಎದೆಗೆ ಅಡ್ಡಲಾಗಿ ಕರಿಯ ಪಟ್ಟಿ. ಬಾಲದ ಬಳಿಯಲ್ಲಿ ಗುಲಾಬಿ ಗರಿಗಳು. ಬೆಳೆದ ಹಕ್ಕಿಯು ಕೂಗುವುದು ಅಪರೂಪ. ಗೂಡಿನಲ್ಲಿ ಕೊಕ್ಕನ್ನು ಪಟಪಟನೆ ಬಡಿದು ಸಂಭಾಷಿಸುವುದು.

ಬೂದು ಛಾಯೆಯ ಬಿಳಿ ಮೈ, ಗಿಡ್ಡ ಕಾಲು, ಉದ್ದ ಕೊಕ್ಕಿನ ಕೆಳಗೆ ಜೋಲುವ ಚೀಲ ಇವುಳ್ಳುದು ಹೆಜ್ಜಾರ್ಲೆ. ಇದೂ ಕತ್ತನ್ನು ಹಿಂದಕ್ಕೆಳೆದುಕೊಂಡೇ ಹಾರುವುದಾದರೂ, ರೆಕ್ಕೆಯ ಹರವು ಎಂಟಡಿಯಷ್ಟಿರುವುದರಿಂದ ಬಕವೆಂದು ಭ್ರಮಿಸುವಂತಿಲ್ಲ. ಬಿಳಿ ಮೈಗೆ ಬೋಳಾದ ಕರಿತಲೆ, ಕುಡುಗೋಲಿನಂತೆ ಬಾಗಿದ ಕರಿಕೊಕ್ಕು ಇದ್ದರೆ ಅದು ಬಿಳಿ ಕೆಂಬರಲು. ಕೊಕ್ಕಿನ ಎರಡು ದಳಗಳ ನಡುವೆ ಸಂದು ಕಾಣಿಸಿದರೆ ಬಾಯ್ಕಳಕ. ಗದ್ದೆಯ ಬಸವನಹುಳುವೇ ಅದರ ಮುಖ್ಯಾಹಾರ.

ಈ ಕೊಕ್ಕರೆ, ಹೆಜ್ಜಾರ್ಲೆಗಳು ಸೈಬೀರಿಯಾದಿಂದ ಬರುವುವೆಂದು ಹೇಳುವವರುಂಟು. ಅದು ಸರಿಯಲ್ಲ. ಇವು ನಮ್ಮ ದೇಶದವೇ. ಮಳೆಗಾಲ ಮುಗಿದು, ಕೆರೆಕುಂಟೆಗಳಲ್ಲಿ ಮೀನು ಬಲಿತಿರುವಾಗ, ಮರಿಗಳಿಗೆ ಉಣಿಸಲು ಅನುಕೂಲವಾದ ಎಡೆಯನ್ನು ಅರಸಿ ಇತ್ತ ಕೂಡುವುವು.

ಅಂಥ ಎಡೆಗಳಲ್ಲಿ ಪ್ರಸಿದ್ಧವಾದುದು ನೆರೆಯ ಮದ್ದೂರು ತಾಲ್ಲೂಕಿನ, ಶಿಂಷಾ ನದಿಗೆ ಸಮೀಪದ ಕೊಕ್ಕರೆ ಬೆಳ್ಳೂರು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇದರ ಮಹತ್ತ್ವವನ್ನು ಹೊರಗಿನವರ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿಯ ಹೆಸರು ತಿಳಿದ ಮೇಲೆ ಅದರ ಮನೆಯನ್ನೂ ನೋಡಬೇಕೆಂದು ನಾವು ಮೊಮ್ಮಗನೊಡನೆ ಅಲ್ಲಿಗೆ ಹೋದೆವು. ಗೂಡುಗಳಿದ್ದುದು ಕಾಡಿನಲ್ಲಲ್ಲ; ಮನೆಗಳ ಅಂಗಳದ, ಹಿತ್ತಲಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲಿ. ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವರು. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಗೊಬ್ಬರಮಾಡುವುದು ಅಲ್ಲಿಯ ಹಳೆಯ ಪದ್ಧತಿ. ಆದರೆ ಹುಣಸೆ ಹಣ್ಣಾಗುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಕೊಂಬೆ ಬಡಿದರೆ ಮರಿ ಉರುಳುವುದು. ಬಡಿಯದಿದ್ದರೆ ಫಸಲು ಹೋಗುವುದು. ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನದ ಏರ್ಪಾಡುಂಟು. ಆದರೂ ಫಸಲನ್ನು ಬಿಟ್ಟುಕೊಡುವ ಮನಸ್ಸು ಮನೆಯವರಿಂದಲೇ ಬರಬೇಕಷ್ಟೆ.

ಇದನ್ನು ಕಂಡು ನಾವು ತಲೆತಗ್ಗಿಸಿದೆವು. ಏಕೆಂದರೆ, ನಮ್ಮ ಹುಣಸೆಮರವನ್ನು ಕಡಿಯಿಸಲು ಮರದ ವ್ಯಾಪಾರಿಯೊಬ್ಬನಿಂದ ಅದಾಗಲೇ ಮುಂಗಡ ಪಡೆದಿದ್ದೆವು. ಆ ಹಣದಿಂದ ಮಗನ ಸಂಸಾರಕ್ಕೆ ಒಂದು ಕೋಣೆ ಕಟ್ಟಿಸಬೇಕೆಂದಿದ್ದಿತು. ಹಿಂದಿರುಗುವ ದಾರಿಯಲ್ಲಿ ಮೊಮ್ಮಗನು, ‘ತಾತ, ನಮ್ಮ ಮರ ಹೋದರೆ ಅವು ಎಲ್ಲಿ ಕೂರುತ್ತವೆ?’ ಎಂದನು. ನಾವು ಉತ್ತರ ಕೊಡಲಿಲ್ಲ. ಮರುದಿನ ಮುಂಗಡವನ್ನು ಹಿಂದಿರುಗಿಸಿದೆವು. ಸೊಸೆಯು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಅವಳ ಬೇಸರವು ನ್ಯಾಯವೇ ಆಗಿತ್ತು. ಕೋಣೆ ಇನ್ನೂ ಆಗಿಲ್ಲ.

ಗೃಹಿಣಿಯರಲ್ಲಿಯೂ ಬಾಲಕರಲ್ಲಿಯೂ ಒಂದು ವಿಜ್ಞಾಪನೆ. ಹಿತ್ತಲಿಗೆ ಇಂಥ ಅತಿಥಿಗಳು ಬಂದರೆ ದೂರದಲ್ಲಿ ನಿಂತು ನೋಡಿರಿ. ಕಲ್ಲೆಸೆಯಬೇಡಿರಿ, ಪಟಾಕಿ ಹಚ್ಚಬೇಡಿರಿ. ಗೂಡಿನಿಂದ ಮರಿ ಬಿದ್ದಿದ್ದರೆ ಸಾಕಲು ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸಿರಿ. ಇವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ನಮ್ಮ ಮರದಲ್ಲಿ ಆ ಜೋಡಿ ಗೂಡು ಕಟ್ಟಲಿಲ್ಲ. ನಾಲ್ಕು ದಿನ ತಂಗಿ ಹೊರಟುಹೋಯಿತು. ಈ ಚಳಿಗಾಲ ಮತ್ತೆ ಬರುವುದೋ ಇಲ್ಲವೋ ಬಲ್ಲವರಾರು? ಬಂದರೆ ಮರವು ಇದ್ದಲ್ಲಿಯೇ ಇರುವುದು. ಮೊಮ್ಮಗನು ಕೇಳಿದರೆ ಸರಿಯಾದ ಹೆಸರು ಹೇಳಲು ತಾತನೂ ಸಿದ್ಧನಾಗಿರುವನು.